ಹೊಗೆಯಿಲ್ಲದ ನಾನೂರು ಚಿತ್ರಗಳು

ಬೆಳಗಿನ ಆರೂ ಕಾಲು. ಬಂಗಾರಪೇಟೆಯಿಂದ ಕೋಲಾರದ ಕಡೆಗೆ ಹೊರಟ ಸಣ್ಣ ರೈಲು ಊರಾಚೆಯ ತಿರುವಿಗೆ ಬರುತ್ತಿದೆ. ಹಳಿಯ ಪಕ್ಕದ ದಿಬ್ಬದ ಮೇಲೆ ವೆಂಕಟೇಶಪ್ಪನವರು ಹಳೇ ಯಾಶಿಕಾ ಕ್ಯಾಮೆರಾ ಹಿಡಿದು ನಿಂತಿದ್ದಾರೆ. ಅವರಿಗಿಂತ ನೂರು ಗಜ ಮುಂಚೆ, ಮೂರು ಕಾಲಿನ ಸ್ಟ್ಯಾಂಡಿಗೆ ಮೊಳದುದ್ದದ ಲೆನ್ಸ್ ಏರಿಸಿಕೊಂಡು ರೈಲಿನ ಚಿತ್ರ ತೆಗೆಯಲು ಆಗಾಗ ಬರುವ ಮದ್ರಾಸಿನ ಅತಿಥಿಯೊಬ್ಬರು ಕಾದಿದ್ದಾರೆ. ಉಗಿ ಎಂಜಿನ್ ಅತಿಥಿಯ ಎದುರಿಗೆ ಬಂದದ್ದೇ ತಡ, ಕೊಳವೆಯಿಂದ ಕಪ್ಪು ಹೊಗೆ ಭುಸುಭುಸು ಏಳುತ್ತದೆ. ವೆಂಕಟೇಶಪ್ಪನವರ ಮುಂದೆ ಬರುವ ಹೊತ್ತಿಗೆ ಹೊಗೆಯೆಲ್ಲ ಮುಗಿದು ಆಕಾಶ ತೊಳೆದಿಟ್ಟಂತಿರುತ್ತದೆ. ಅವರು ಒಂದೇ ಒಂದು ಸಲ ಕ್ಲಿಕ್ ಮಾಡಿ, ಮುಖ ಗಂಟಿಕ್ಕಿಕೊಂಡು ಸೈಕಲ್ ಹತ್ತುತ್ತಾರೆ.

"ನೋಡಿದ್ರಾ ಸಾರ್? ನೆನ್ನೆ ಮೊನ್ನೆ ಬಂದವ್ರಿಗೆ ಅಷ್ಟು ಒಗೆ. ನಾನು ಅದ್ನಾಲ್ಕು ವರ್ಸದಿಂದ ನಿಂತಿವ್ನಿ, ನಂಗೆ ಒಂದು ಬೀಡಿಯಷ್ಟೂ ಇಲ್ಲ," ಎಂದು ಪತ್ರಿಕೆಯಿಂದ ಬಂದ ನನ್ನ ಮುಂದೆ ಗೊಣಗುತ್ತಾರೆ.

ವೆಂಕಟೇಶಪ್ಪನವರದು ಕಾಮಸಮುದ್ರದ ಕಡೆಯ ಬೇಸಾಯದ ಮನೆತನ. ಅಣ್ಣಂದಿರು ಹೊಲ, ಹಸು ನೋಡಿಕೊಂಡರು. ಇವರು ಊರಿಗಾಂನ ಸ್ಟುಡಿಯೊ ಒಂದರಲ್ಲಿ ಗಣಿ ಕಾರ್ಮಿಕರ ಗುರುತಿನ ಚೀಟಿಗೆ ಫೋಟೋ ತೆಗೆಯುತ್ತ ಕೆಲಸ ಕಲಿತರು. ಆಮೇಲೆ ಬಂಗಾರಪೇಟೆಯ ಪೇಟೆಬೀದಿಯಲ್ಲಿ ಸ್ವಂತ ಅಂಗಡಿ. ಹೊಟ್ಟೆಪಾಡಿಗೆ ಪಾಸ್‌ಪೋರ್ಟ್ ಫೋಟೋ, ಮದುವೆ, ನಾಮಕರಣ. ಎಂಜಿನ್ ಮಾತ್ರ ಮನಸ್ಸಿಗೆ.

ಅದಕ್ಕೆಂದೇ ಫಿಲ್ಮ್ ರೋಲು ಕೊಳ್ಳುವ ಶಕ್ತಿ ಅವರಿಗಿಲ್ಲ. ಆದರೆ ಮೂವತ್ತಾರು ಚಿತ್ರದ ರೋಲನ್ನು ನಾಜೂಕಾಗಿ ಸುತ್ತಿಕೊಂಡರೆ ಕೊನೆಯಲ್ಲಿ ಇನ್ನೊಂದು ಸಿಗುತ್ತದೆ. ಮದುವೆ ಮನೆಯವರ ಮೂವತ್ತಾರು ಮುಗಿದ ಮೇಲೆ ಉಳಿಯುವ ಆ ಮೂವತ್ತೇಳನೆಯದು ಎಂಜಿನ್‌ಗೆ ಮೀಸಲು. ಆಷಾಢದಲ್ಲಿ ಮದುವೆಗಳಿರುವುದಿಲ್ಲ; ಆ ತಿಂಗಳು ಬರಿಗೈಲಿ ನಿಂತು ನೋಡಿ ಬರುತ್ತಾರೆ. ಹೀಗೆ ಕೂಡಿಟ್ಟ ಚಿತ್ರಗಳು ನಾನೂರ ಹನ್ನೆರಡು. ಅವುಗಳಲ್ಲಿ ಕಪ್ಪು ಹೊಗೆ ಇರುವುದು ಒಂದೂ ಇಲ್ಲ.

ಈ ದಾರಿಗೆ ಡೀಸೆಲ್ ಬರುತ್ತದೆಂದು ಸ್ಟೇಷನ್ನಿನಲ್ಲಿ ಮಾತು. ಅಷ್ಟರೊಳಗೆ ಹೊಗೆ ತುಂಬಿದ ಒಂದೇ ಒಂದು ಚಿತ್ರ ಬೇಕು ಎಂಬುದು ಅವರ ಆಸೆ. ಹೊಟ್ಟೆಕಿಚ್ಚಂತೂ ಮುಚ್ಚಿಟ್ಟದ್ದಲ್ಲ. ಒಮ್ಮೆ ಬೇಕೆಂತಲೇ ತಮ್ಮ ಸೈಕಲ್ಲನ್ನು ಅತಿಥಿಯ ಲೆನ್ಸಿಗೆ ಅಡ್ಡ ನಿಲ್ಲಿಸಿದ್ದರು. ಆತ ನಗುತ್ತ ಸೈಕಲ್ ಸರಿಸಿ, ಕೈಗೊಂದು ಪೆಪ್ಪರ್‌ಮಿಂಟ್ ಕೊಟ್ಟು ಹೋದರಂತೆ.

"ಆ ಪೆಪ್ಪರ್‌ಮಿಂಟ್ ತಿನ್ಲೂ ಇಲ್ಲ, ಎಸೀಲೂ ಇಲ್ಲ. ಎಂಟು ದಿನ ಜೇಬಿನಾಗೆ ಇಟ್ಕಂಡು ಉರ್ಕಂತಿದ್ರು," ಎಂದು ಹೆಂಡತಿ ಮುನಿಶಾಮಮ್ಮ ಛೇಡಿಸುತ್ತಾರೆ. "ನಾನೇ ಅಂದೆ, ಎಂಜಿನ್ ಬ್ಯಾಡ, ನಿಮ್ಮ ಒಟ್ಟೆ ಫೋಟೋ ತಕ್ಕಳಿ, ಬೇಕಾದಷ್ಟು ಒಗೆ ಐತೆ ಅಂತ."

ಮುಖ ಗಂಟಿಕ್ಕಿಕೊಂಡು ಸೈಕಲ್ ಹತ್ತಿದ ಆ ದಿನವೇ ಸಂಜೆ, ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ವೆಂಕಟೇಶಪ್ಪನವರು ಬಿಗುಮಾನ ಬಿಟ್ಟು ಕೇಳಿಯೇ ಬಿಡುತ್ತಾರೆ. ಕೇಳುವುದು ಎಂಜಿನ್ನಿಗೆ ಕಲ್ಲಿದ್ದಲು ತುಂಬುವ ಪೆರುಮಾಳ್ ಅವರನ್ನು. "ನಾನೇನು ಪಾಪ ಮಾಡಿದ್ದೆ ಪೆರುಮಾಳು? ಅವ್ರಿಗೆ ಬಿಡ್ತೀಯ, ನಂಗ್ಯಾಕೆ ಒಗೆ ಬಿಡಲ್ಲ?"

ಪೆರುಮಾಳ್ ಲೋಟ ಕೆಳಗಿಡುತ್ತಾರೆ. "ಅಣ್ಣಾ, ಕರ್ರಗೆ ಒಗೆ ಬಂತು ಅಂದ್ರೆ ಬೆಂಕಿ ಸರಿಯಿಲ್ಲ, ಕಲ್ಲಿದ್ಲು ಅರ್ಧಂಬರ್ಧ ಉರೀತೈತೆ ಅಂತ ಅರ್ಥ. ಬಂದೋರಿಗೆ ಅದು ತಿಳಿಯಲ್ಲ. ಕೇಳ್ತಾರೆ, ಎರಡು ಸಲಿಕೆ ಪುಡಿ ಎಸೀತೀನಿ. ನೀವು ದಿನಾ ನೋಡೋರು. ನಿಮ್ಮ ದಿಬ್ಬ ಬರೋದ್ರೊಳಗೆ ಬೆಂಕಿ ಸರಿ ಮಾಡ್ಕೊಂಡ್ಬಿಡ್ತೀನಿ. ನಿಮ್ಮ ಫೋಟೋದಾಗೆ ನನ್ನ ಕೆಲ್ಸ ಕೆಟ್ಟದಾಗಿ ಬೀಳಬಾರ್ದಲ್ವಾ?" ಲೋಟ ಮತ್ತೆ ಎತ್ತಿಕೊಂಡು ಅವರೇ ಹೇಳುತ್ತಾರೆ. "ಬೇಕೇ ಬೇಕು ಅಂದ್ರೆ ಒಂದಿನ ಬಿಡ್ತೀನಿ."

ಮೂರು ದಿನದ ನಂತರ, ಇನ್ನೊಂದು ಮದುವೆಯ ಮೂವತ್ತೇಳನೆಯದು ಉಳಿದಿದೆ. ಅದೇ ತಿರುವು, ಅದೇ ಅತಿಥಿ, ಅಲ್ಲಿ ಅದೇ ಹೊಗೆ. ಎಂಜಿನ್ ದಿಬ್ಬಕ್ಕೆ ಹತ್ತಿರವಾಗುತ್ತದೆ. ಪೆರುಮಾಳ್ ಸಲಿಕೆಯಲ್ಲಿ ಕಲ್ಲಿದ್ದಲ ಪುಡಿ ಎತ್ತಿ ಹಿಡಿದು ಇತ್ತ ನೋಡುತ್ತಾರೆ. ಹದಿನಾಲ್ಕು ವರ್ಷದ ಆಸೆ ಸಲಿಕೆಯ ತುದಿಯಲ್ಲಿದೆ. ವೆಂಕಟೇಶಪ್ಪನವರು ಕೈ ಎತ್ತಿ ಬೇಡವೆಂದು ಆಡಿಸುತ್ತಾರೆ. ಪೆರುಮಾಳ್ ಪುಡಿಯನ್ನು ಹಿಂದಕ್ಕೆ ಸುರಿದು, ಕಿಟಕಿಯಿಂದ ಹೊರಗೆ ವಾಲಿ, ಕೊಳವೆಯ ಕಡೆ ಒಮ್ಮೆ ನೋಡಿ ನಗುತ್ತಾರೆ. ಕ್ಲಿಕ್. ನಾನೂರ ಹದಿಮೂರು.

ಇನ್ನು ಹೊಟ್ಟೆಕಿಚ್ಚು ತಣ್ಣಗಾಗಿರಬೇಕಲ್ಲ ಎಂದರೆ ವೆಂಕಟೇಶಪ್ಪನವರು ಲೆನ್ಸ್ ಒರೆಸುತ್ತ ಧ್ವನಿ ತಗ್ಗಿಸುತ್ತಾರೆ.

"ಒಂದು ಉಪ್ಕಾರ ಮಾಡಿ ಸಾರ್. ಈ ಇಸ್ಯ ಮದ್ರಾಸಿನವ್ರಿಗೆ ಯೋಳ್ಬ್ಯಾಡಿ. ಗೊತ್ತಾದ್ರೆ ಅವ್ರೂ ನಾಳೆಯಿಂದ ಒಗೆ ಬ್ಯಾಡ ಅಂತಾರೆ. ಪೇಪರ್‌ನಾಗೆ ಬರ್ಕಳಿ, ಪರ್ವಾಗಿಲ್ಲ. ಅವ್ರಿಗೆ ಕನ್ನಡ ಓದಕ್ಕೆ ಬರಲ್ಲ."