ಮೂರಕ್ಕೆ ನಿಲ್ಲುವ ಪಿಸ್ತೂಲು

ಓಲೆಟಾ ಸೈಜ್‌ಮೋರ್ ಮೂವತ್ತೈದು ವರ್ಷ ನಮ್ಮ ಶಾಲೆಯ ಅಡುಗೆಮನೆಯಲ್ಲಿ ಬಡಿಸಿದವರು. ಈ ಕಣಿವೆಯಲ್ಲಿ ಯಾರು ಬಟಾಣಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದರು, ಯಾರು ಬ್ರೆಡ್ಡನ್ನು ತಂಗಿಗೆಂದು ಜೇಬಿಗಿಳಿಸುತ್ತಿದ್ದರು ಎಂಬುದೆಲ್ಲ ಅವರಿಗೆ ಬಾಯಿಪಾಠ. ನಾನೂ ಆ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನೇ. ಇವತ್ತಿಗೂ ದಾರಿಯಲ್ಲಿ ಸಿಕ್ಕರೆ, "ಹಾರ್ಲಿಸ್, ಈಗ್ಲಾದ್ರೂ ಕೋಸು ತಿಂತೀಯೇನೋ?" ಎಂದು ಕೇಳುತ್ತಾರೆ. ನನಗೆ ನಲವತ್ತೆಂಟು ವರ್ಷ.

ಅವರ ಗಂಡ ಡೆನ್ವರ್ ಕಲ್ಲಿದ್ದಲ ಗಣಿಯ ಧೂಳು ಕುಡಿದು ಕುಡಿದು ಎರಡು ವರ್ಷದ ಹಿಂದೆ ತೀರಿಕೊಂಡರು. ಮಕ್ಕಳಿಲ್ಲ. ಹೊಳೆ ಹುಟ್ಟುವ ಕಡೆ, ರಸ್ತೆ ಮುಗಿಯುವಲ್ಲಿ, ಒಂದು ಟ್ರೇಲರ್ ಮನೆ. ಡೆನ್ವರ್ ಸತ್ತ ವಾರ ಇಡೀ ಕಣಿವೆ ಅಲ್ಲಿಗೆ ಹೋಗಿತ್ತು. ಹುರುಳಿಕಾಯಿ, ಹ್ಯಾಮ್, ಆಲೂಗಡ್ಡೆ, ಒಬ್ಬೊಬ್ಬರದು ಒಂದೊಂದು ಪಾತ್ರೆ. ಓಲೆಟಾ ಆಂಟಿ ಪಾತ್ರೆಗಳನ್ನೆಲ್ಲ ತೊಳೆದು, ತಳಕ್ಕೆ ಹೆಸರು ಅಂಟಿಸಿ, ಅವರವರ ಮನೆಗೆ ತಾವೇ ಮುಟ್ಟಿಸಿದರು. ಆಮೇಲೆ ಯಾರೂ ಆ ಕಡೆ ತಲೆ ಹಾಕಲಿಲ್ಲ. ನಾನೇನೂ ಅದಕ್ಕೆ ಹೊರತಲ್ಲ. ನನ್ನ ಮನೆಗೂ ಅವರ ಮನೆಗೂ ಅರ್ಧ ಮೈಲಿ.

ಹೋದ ಮಾರ್ಚ್ ತಿಂಗಳಲ್ಲಿ ಅವರು ಚರ್ಚಿಗೆ ಹೋದಾಗ ಯಾರೋ ಬಾಗಿಲು ಮೀಟಿ ಒಳಗೆ ನುಗ್ಗಿದರು. ಡೆನ್ವರ್ ಬಿಟ್ಟುಹೋದ ನೋವಿನ ಮಾತ್ರೆ, ಅವರ ಮರ ಕೊಯ್ಯುವ ಗರಗಸ, ಒಂದು ಕೈಗಡಿಯಾರ ಹೋದವು. ಮರುದಿನ ಆಂಟಿ ನನ್ನ ಹುಡುಕಿಕೊಂಡು ಬಂದರು.

"ನಂಗೊಂದು ಪಿಸ್ತೂಲು ಕೊಡ್ಸು ಮಗಾ. ಇರೋದ್ರಲ್ಲಿ ಅಗ್ಗದ್ದು."

ಪೇಟೆಯ ಗಿರವಿ ಅಂಗಡಿಯಲ್ಲಿ ನೂರ ನಲವತ್ತು ಡಾಲರಿಗೆ ಒಂದು ಸಿಕ್ಕಿತು. ಕಪ್ಪಗೆ, ಡೊಣ್ಣೆಯಂತೆ ಭಾರ, ನೋಡಲು ಚೂರೂ ಚೆಂದವಿಲ್ಲ. ನನಗೆ ಬಂದೂಕಿನ ವಿಷಯದಲ್ಲಿ ಸ್ವಲ್ಪ ಜಂಬ. ಮುಖ ಸಿಂಡರಿಸಿದೆ.

"ಆಂಟಿ, ಇದು ಪಿಸ್ತೂಲಲ್ಲ, ಇಟ್ಟಿಗೆ."

"ಒಳ್ಳೇದಾಯ್ತು. ಗುಂಡು ಮುಗಿದ್ಮೇಲೆ ಎಸಿಯಕ್ಕಾದ್ರೂ ಬರುತ್ತೆ," ಎಂದರು.

ಅವರ ಹಿತ್ತಲ ಮಣ್ಣಿನ ದಿಬ್ಬಕ್ಕೆ ಕಾಗದದ ತಟ್ಟೆ ಚುಚ್ಚಿ, ಏಳು ಹೆಜ್ಜೆ ಅಳೆದು, ಒಂದು ಮಧ್ಯಾಹ್ನ ಕಲಿಸಿದೆ. ಎರಡೂ ಕೈಯಲ್ಲಿ ಹಿಡಿಯಿರಿ, ಹೊಡೆಯುವವರೆಗೆ ಬೆರಳು ಟ್ರಿಗರಿನ ಹೊರಗಿರಲಿ, ಉಸಿರು ಬಿಟ್ಟು ಮೆಲ್ಲಗೆ ಒತ್ತಿ. ಅವರು ಪ್ರತಿ ಸಲವೂ ಕಣ್ಣು ಮುಚ್ಚುತ್ತಿದ್ದರು.

"ಕಣ್ಣು ಮುಚ್ಚಿದ್ರೆ ಕಳ್ಳಂಗೆ ಲಾಭ ಆಂಟಿ, ನಿಮಗಲ್ಲ."

"ಅವ್ನ ಮುಖ ಯಾರಿಗ್ ಬೇಕು ಹೇಳು."

ಪ್ರತಿ ಭಾನುವಾರ ಊಟವಾದ ಮೇಲೆ ಎಂಟು ಗುಂಡು ಅಭ್ಯಾಸ ಮಾಡಿ ಎಂದು ಹೇಳಿ, ನನ್ನ ಕರ್ತವ್ಯ ಮುಗಿಯಿತೆಂದು ಮನೆಗೆ ಬಂದೆ.

ನಮ್ಮ ಬೆಟ್ಟಗಳಲ್ಲಿ ಫೋನು ಹಿಡಿಯುವುದು ಅಷ್ಟಕ್ಕಷ್ಟೇ. ಬೇಟೆಗೆ ಹೋದವನು ಕಾಲು ಮುರಿದುಕೊಂಡರೆ, ಮರದ ಕೆಳಗೆ ಸಿಕ್ಕಿಕೊಂಡರೆ, ಒಂದೇ ಅಂತರದಲ್ಲಿ ಮೂರು ಗುಂಡು ಹಾರಿಸಿ ನಿಲ್ಲಿಸುತ್ತಾನೆ. ಕೇಳಿದವರು ಬಾಯಿಗಿಟ್ಟ ತುತ್ತು ಬಿಟ್ಟು ಹೋಗಬೇಕು. ಅದಕ್ಕೇ ಗುರಿ ಅಭ್ಯಾಸ ಮಾಡುವವರು ಎರಡು ಹೊಡೆಯುತ್ತಾರೆ, ನಾಲ್ಕು ಹೊಡೆಯುತ್ತಾರೆ, ಮೂರಕ್ಕೆ ಮಾತ್ರ ನಿಲ್ಲಿಸುವುದಿಲ್ಲ. ಇದನ್ನು ಇಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹುಟ್ಟುತ್ತಲೇ ಗೊತ್ತಿರುತ್ತದೆ.

ಕಲಿಸಿದ ಮೇಲಿನ ಮೊದಲ ಭಾನುವಾರ ಹೊಳೆಯ ಮೇಲ್ಗಡೆ, ಆಂಟಿಯ ಮನೆ ಕಡೆಯಿಂದ ಮೂರು ಕೇಳಿಸಿತು. ಮುಂದಿನದಕ್ಕೆ ಕಾದೆ. ಬರಲಿಲ್ಲ. ನನ್ನ ಹೆಂಡತಿ ಜೂನೆಲ್ ಆಗಲೇ ಟ್ರಕ್ಕಿನ ಬೀಗದ ಕೈ ಹಿಡಿದಿದ್ದಳು. ಚರ್ಚಿನ ಹಿರಿಯ ಎಸ್ಟಿಲ್ ನಮ್ಮ ಹಿಂದೆಯೇ ಹಗ್ಗ, ಬ್ಯಾಂಡೇಜಿನ ಚೀಲ ಸಮೇತ ಬಂದ. ನೋಡಿದರೆ ಆಂಟಿ ಹಿತ್ತಲಲ್ಲಿ ನಿಂತು ಪಿಸ್ತೂಲಿನ ಜೊತೆ ಗುದ್ದಾಡುತ್ತಿದ್ದಾರೆ. ನಾಲ್ಕನೆಯ ಗುಂಡು ಓರೆಯಾಗಿ ಸಿಕ್ಕಿಹಾಕಿಕೊಂಡಿತ್ತು.

"ಅಯ್ಯೋ, ಮೂರಾಯ್ತಾ?" ಎಂದು ಬಾಯಿಗೆ ಕೈಯಿಟ್ಟುಕೊಂಡರು. ಆಮೇಲೆ ಎಲ್ಲರೂ ನಕ್ಕೆವು. ಕಾಫಿ ಆಯಿತು, ಬೀನ್ಸ್ ಸಾರು, ಜೋಳದ ರೊಟ್ಟಿ ಆಯಿತು. ಎಸ್ಟಿಲ್ ಎರಡನೇ ತರಗತಿಯಲ್ಲಿ ಹಾಲು ಚೆಲ್ಲಿ ಅತ್ತಿದ್ದನ್ನು ಅವರು ಅವನೆದುರೇ ಅಭಿನಯಿಸಿ ತೋರಿಸಿದರು. ಹೊರಟಾಗ ಸಂಜೆ ಐದು.

ಮುಂದಿನ ಭಾನುವಾರ ಮತ್ತೆ ಮೂರು. "ಹಾಳಾದ್ದು ಮತ್ತೆ ಸಿಕ್ಕಾಕೊಳ್ತು ಕಣೋ." ಅದರ ಮುಂದಿನ ಭಾನುವಾರವೂ ಮೂರು. ಆ ಸಲ ಒಳಗೆ ಹೋದರೆ ಸೇಬಿನ ಕೇಕು ಏಳು ಪದರದ್ದು, ಅದನ್ನು ಮಾಡಲು ಎರಡು ದಿನ ಬೇಕು. ಮೇಜಿನ ಮೇಲೆ ನಾಲ್ಕು ಕಪ್ಪು ಸಿದ್ಧವಿದ್ದವು. ಜೂನೆಲ್ ನನ್ನ ಮುಖ ನೋಡಿ, ಸುಮ್ಮನಿರು ಎಂಬಂತೆ ಕಣ್ಣು ಮಾಡಿದಳು. ಕೇಕು ತಿಂದೆ. ಆದರೆ ನನ್ನದು ಮುಂಗೋಪದ ಸ್ವಭಾವ; ಒಳಗೇ ಕುದಿಯುತ್ತಿದ್ದೆ.

ನಾಲ್ಕನೆಯ ಭಾನುವಾರ ಹಿಂದೆ ಮರ ಕೊಯ್ಯುವ ಸಾಮಿಲ್ಲಿನಲ್ಲಿ ಪೆಟ್ಟಾಗಿದ್ದ ನನ್ನ ಬೆನ್ನು ಹಿಡಿದಿತ್ತು. ಆದರೂ ಮೂರು ಕೇಳಿಸಿದ್ದಕ್ಕೆ ಜೂನೆಲ್, ಎಸ್ಟಿಲ್ ಜೊತೆ ಹೋದೆ. ಇಳಿದವನೇ, "ಕೊಡಿ ಇಲ್ಲಿ," ಎಂದು ಪಿಸ್ತೂಲು ತೆಗೆದುಕೊಂಡು, ಎಂಟು ಗುಂಡು ತುಂಬಿ, ದಿಬ್ಬಕ್ಕೆ ಹೊಡೆದೆ. ಎಂಟೂ ಸಲೀಸಾಗಿ ಹೋದವು. ಗುಂಡು ತುಂಬುವ ಪೆಟ್ಟಿಗೆಯ ಬಾಯಿ ನೋಡಿದೆ. ತಗಡಿನ ಅಂಚನ್ನು ಇಕ್ಕಳದಲ್ಲಿ ಹಿಡಿದು ನೆಟ್ಟಗೆ ಮಾಡಿದ ಗುರುತಿತ್ತು. ದೋಷ ಇದ್ದದ್ದು ನಿಜ. ಅದನ್ನು ಅವರೇ ರಿಪೇರಿ ಮಾಡಿಕೊಂಡು ವಾರಗಳಾಗಿದ್ದವು.

"ಇದು ಸರಿಯಾಗೇ ಇದೆ ಆಂಟಿ."

"ಪಿಸ್ತೂಲಿಗೆ ಎಂಟರ ತನಕ ಎಣಿಕೆ ಬರುತ್ತೆ, ಯಜಮಾನಿಗೆ ಮೂರರ ತನಕ," ಎಂದ ಎಸ್ಟಿಲ್. ಅವನು ತಮಾಷೆಗೆ ಹೇಳಿದ. ಯಾರೂ ನಗಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಬಿಡಲಿಲ್ಲ. "ನಾಳೆ ನಿಜವಾಗ್ಲೂ ಯಾರೋ ಕಾಡಲ್ಲಿ ಬಿದ್ದಿರ್ತಾರೆ. ಮೂರು ಹೊಡೀತಾರೆ. ಓ, ಓಲೆಟಾ ಕೇಕ್ ಮಾಡಿರ್ಬೇಕು ಅಂತ ನಾವು ಕೂತಿರ್ತೀವಿ. ಅವ್ರು ಸತ್ರೆ ಯಾರು ಹೊಣೆ?"

ನಾನು ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ಅದೇ ನನ್ನನ್ನು ಈಗಲೂ ತಿನ್ನುವುದು.

"ಸರಿ ಮಗಾ. ತಪ್ಪಾಯ್ತು," ಎಂದರು ಆಂಟಿ. ಒಳಗೆ ಹೋಗಿ ಕೇಕು ಕತ್ತರಿಸಿ, ಮೂರು ಪೊಟ್ಟಣ ಕಟ್ಟಿ ತಂದು, ಅಂಗಳದಲ್ಲೇ ನಮ್ಮ ಕೈಗಿಟ್ಟರು. ಒಳಗೆ ಕರೆಯಲಿಲ್ಲ.

ಮುಂದಿನ ಭಾನುವಾರ ಹೊಳೆಯ ಮೇಲಿನಿಂದ ಎಂಟು ಕೇಳಿಸಿತು. ಒಂದೇ ಲಯ, ನಡುವೆ ತಡೆಯಿಲ್ಲ. ಅದರ ಮುಂದಿನ ವಾರವೂ ಎಂಟು. ಬೇಸಿಗೆಯುದ್ದಕ್ಕೂ ಎಂಟು.

"ಎಣಿಸ್ದೆಯಾ?" ಎಂದಳು ಜೂನೆಲ್.

"ಎಣಿಸ್ದೆ. ಎಂಟು."

"ಇನ್ನೇನು ಮತ್ತೆ. ನೆಮ್ಮದಿಯಾಗಿ ಉಣ್ಣು."

ಅವಳು ಹಾಗೆ ಹೇಳಿದರೆ ಯಾವ ಗಂಡಸಿಗೆ ಅನ್ನ ಇಳಿಯುತ್ತದೆ? ಆದರೂ ಹೋಗಲಿಲ್ಲ. ಏನೆಂದು ಹೋಗುವುದು? ಕರೆದಾಗ ಹೋಗುವುದು ನಮಗೆ ಗೊತ್ತು, ಸುಮ್ಮನೆ ಹೋಗಿ ಕೂರುವುದು ಮರೆತೇಹೋಗಿತ್ತು. ಇವತ್ತು, ನಾಳೆ ಎನ್ನುತ್ತ ಅಕ್ಟೋಬರ್ ಬಂತು.

ಒಂದು ಮಂಗಳವಾರ ಬೆಳಿಗ್ಗೆ ಜೂನೆಲ್ ಟ್ರಕ್ಕು ತೆಗೆದುಕೊಂಡು ಪೇಟೆಗೆ ಹೋದಳು. ನಾನು ಗಟ್ಟಿ ಮನಸ್ಸು ಮಾಡಿ, ಒಂದು ಚೀಲ ಸೇಬು ಹೊತ್ತು, ಹೊಳೆಯ ದಾರಿಯಲ್ಲಿ ನಡೆದು ಹೋದೆ. ಯಾರದೇ ಮನೆಗೆ ಹೋದರೂ ರಸ್ತೆಯಲ್ಲೇ ನಿಂತು ಹಾರನ್ ಹೊಡೆಯಬೇಕು, ಇಲ್ಲವೇ ಕೂಗು ಹಾಕಬೇಕು; ಅದು ನಮ್ಮ ಕಡೆಯ ಪದ್ಧತಿ. ನನಗೆ ಅದು ನೆನಪಾಗಲಿಲ್ಲ. ಈ ಮನೆಗೆ ನಾನು ಬಂದಾಗಲೆಲ್ಲ ಅವರು ಹಿತ್ತಲಲ್ಲಿ ನಿಂತು ಕಾಯುತ್ತಲೇ ಇರುತ್ತಿದ್ದರು. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ.

ಒಳಗೆ ಕುರ್ಚಿ ಸರಿಯಿತು. ಆಮೇಲೆ ಗುಂಡು ಏರಿಸಲು ಆ ಪಿಸ್ತೂಲನ್ನು ಎಳೆದು ಬಿಟ್ಟ ಸದ್ದು.

"ಹಿಂದೆ ಸರಿ. ಹೊಡೀತೀನಿ."

"ಆಂಟಿ, ನಾನು. ಹಾರ್ಲಿಸ್."

ಚಿಲಕ ಸರಿದ ಸದ್ದಾಗಿ ಬಾಗಿಲು ತೆರೆಯಿತು. ನಾನು ಕಲಿಸಿದ ಹಾಗೆಯೇ ಎರಡೂ ಕೈಯಲ್ಲಿ ಹಿಡಿದಿದ್ದರು, ಬೆರಳು ಹೊರಗಿತ್ತು, ಕಣ್ಣು ತೆರೆದಿತ್ತು. ಪಿಸ್ತೂಲನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಸಿದರು. ಮೇಜಿನ ಮೇಲೆ ಒಂದೇ ಕಪ್ಪಿತ್ತು.

"ನನ್ದೇ ತಪ್ಪು," ಎಂದೆ. "ರಸ್ತೇಲೇ ನಿಂತು ಕೂಗ್ಬೇಕಿತ್ತು."

"ಅದಲ್ಲ ಮಗಾ," ಎಂದರು. "ಆ ಪಾತ್ರೆಗಳ್ನೆಲ್ಲ ವಾಪಸ್ ಕೊಟ್ಮೇಲೆ, ನಾನು ಕರೀದೆ ಈ ಬಾಗಿಲಿಗೆ ಬಂದೋನು ಆ ಕಳ್ಳ ಒಬ್ನೇ. ಅವ್ನೇ ಮತ್ತೆ ಬಂದ ಅಂದ್ಕೊಂಡೆ."