ಸೊಟ್ಟ ಕಾಲಿನ ಅಕ್ಷರ

ಹಳೆಯ ವಿಮಾನ ಇಟ್ಟುಕೊಂಡವರಲ್ಲಿ ಹಾರಿಸುವವರು ಕೆಲವರು, ಒರೆಸುವವರೇ ಹೆಚ್ಚು. ದೊಡ್ಡಮ್ಮನ ಮಗ, ನಮ್ಮಣ್ಣ, ಎರಡನೆಯ ಜಾತಿ. ತೀರಿಕೊಂಡ ಅವನಪ್ಪ ಬಿಟ್ಟುಹೋದ ಎರಡು ಸೀಟಿನ ವಿಮಾನಕ್ಕೆ ಎಂಜಿನ್, ರೆಕ್ಕೆ ಎಲ್ಲ ಸಿದ್ಧವಾಗಿದ್ದರೂ ಹೊಸ ಬಣ್ಣ ಬಳಿದ ಬಾಲದ ಮೇಲೆ ನೋಂದಣಿಯ ಅಕ್ಷರಗಳಿರಲಿಲ್ಲ, ಅವಿಲ್ಲದೆ ಹಾರುವಂತಿಲ್ಲ. ‘ಅಪ್ಪನ ಕಾಲದಲ್ಲಿ ಹೇಗಿತ್ತೋ ಹಾಗೇ ಇರ್ಬೇಕು’ ಎಂದು ಅಣ್ಣ ಆ ವಿಮಾನದ ಒಂದು ಹಳೆಯ ಫೋಟೋಗೆ ಭೂತಗನ್ನಡಿ ಹಿಡಿದೇ ಉಣ್ಣುತ್ತಿದ್ದ. ಮದುವೆಮನೆಯ ಫಲಕದ ಅಕ್ಷರಗಳಿಗೂ ಅಳತೆಪಟ್ಟಿ ಹಿಡಿದು ಬೀಗರಿಂದ ಬೈಸಿಕೊಂಡಿದ್ದ. ಫೋಟೋದಲ್ಲಿ ಕೊನೆಯ ಅಕ್ಷರದ ಕಾಲು ಸೊಟ್ಟ. ‘ಆ ಕಾಲದ ಅಪರೂಪದ ಶೈಲಿ ಕಣೋ ಇದು’ ಎಂದು ನನಗೆ ಪಾಠ ಹೇಳುತ್ತಿದ್ದಾಗ, ‘ನಾನೂ ಅದ್ರಲ್ಲಿ ಒಂದ್ಸಲ ಕೂತ್ಕೋಬೇಕು ಅಂತಿದೀನಿ. ಮೊದ್ಲು ಹಾರೋದು ವಿಮಾನವೋ, ನನ್ನ ಪ್ರಾಣವೋ?’ ಎಂದು ಗೊಣಗುತ್ತ ದೊಡ್ಡಮ್ಮ ಫೋಟೋ ಕಿತ್ತುಕೊಂಡರು. ‘ಶೈಲಿಯಂತೆ ಶೈಲಿ! ನಿಮ್ಮಪ್ಪ ಸ್ಟೂಲ್ ಹತ್ತಿ ಬರೀತಿದ್ರು, ನಾನು ಹಿಡ್ಕೊಂಡಿದ್ದೆ. ಏನೋ ಹೇಳಿದ್ರು, ನಕ್ಕೂ ನಕ್ಕೂ ಕೈಬಿಟ್ಟೆ.’ ‘ಏನ್ ಹೇಳಿದ್ರಮ್ಮ?’ ‘ಥೂ, ಮಗನ ಹತ್ರ ಹೇಳೋ ಮಾತಾ ಅದು?’ ಬೇಕೆಂದೇ ಸೊಟ್ಟ ಎಳೆದರೆ ಮೋಸವೆಂದು ಅಣ್ಣನ ವಾದ. ಉಳಿದ ಅಕ್ಷರ ಮುಗಿಸಿ, ದೊಡ್ಡಮ್ಮನಿಗೆ ಸ್ಟೂಲ್ ಹಿಡಿದುಕೊಳ್ಳಲು ಹೇಳಿ ಮೇಲೆ ಹತ್ತಿ, ಕೊನೆಯ ಅಕ್ಷರಕ್ಕೆ ಕುಂಚ ಹಿಡಿದು, ಗೊತ್ತಿದ್ದ ಜೋಕುಗಳನ್ನೆಲ್ಲ ಹೇಳಿದ. ದೊಡ್ಡಮ್ಮ ಕಂಬದಂತೆ ನಿಂತಿದ್ದರು. ಕೊನೆಗೆ, ‘ಅವರ ಹಾಗೆ ನಗಿಸೋಕೆ ನಿಂಗೆಲ್ಲಿ ಬರುತ್ತೆ, ಬಿಡೋ’ ಎಂದು ಕಣ್ಣೊರೆಸಿಕೊಳ್ಳಲು ಒಂದು ಕೈ ತೆಗೆದರು. ಸ್ಟೂಲ್ ಅಲ್ಲಾಡಿತು, ಅಕ್ಷರದ ಕಾಲು ಫೋಟೋದಲ್ಲಿದ್ದಷ್ಟೇ ಸೊಟ್ಟಗೆ ಬಂತು.