ಇಳಕಲ್ಲಿನಿಂದ ನರ್ಸಬಾಯಿಯ ಮನೆಗೆ

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾವು ಮೂವರು ಇಳಕಲ್ಲಿನಿಂದ ಬೆಳಗಿನ ಬಸ್ಸು ಹಿಡಿದೆವು: ಬಾಗಲಕೋಟೆಯಿಂದ ಬಂದಿದ್ದ ನಾನು, ನೇಕಾರ ಶಿವಪ್ಪ, ಆತನ ಮಗಳು ಮಹಾದೇವಿ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯರನ್ನು ಒಪ್ಪಿಸಿ ಹಳ್ಳಿ ನರ್ಸ್ ತರಬೇತಿಗೆ ಸೇರಿಸುವುದು ನನ್ನ ಕೆಲಸ. ಮಹಾದೇವಿ ತುದಿಗಾಲ ಮೇಲೆ ನಿಂತಿದ್ದಳು. ಅಪ್ಪ ಮಾತ್ರ ಒಪ್ಪಿರಲಿಲ್ಲ. "ಕಣ್ಣಿಲೆ ನೋಡಿ ಹೇಳ್ತೇನ್ರಿ" ಎಂದಿದ್ದ.

ಹುನಗುಂದ ದಾಟಿದರೂ ನಾನು ಬಾಯಿ ಮುಚ್ಚಲಿಲ್ಲ. ತರಬೇತಿ, ಸಂಬಳ, ಬಿಳಿ ಸೀರೆ, ಸರಕಾರಿ ಮನೆ ಎಲ್ಲವನ್ನೂ ಬಣ್ಣಿಸಿದೆ. ಅಮೀನಗಡದಲ್ಲಿ ಕರದಂಟು ಕೊಂಡು ಕೊಟ್ಟೆ. ಶಿವಪ್ಪ ಅದನ್ನು ಮುರಿದು ಮಗಳಿಗೆ ಕೊಡುತ್ತ ಒಂದೇ ಮಾತು ಕೇಳಿದ:

"ಬಾಯಾರ, ಹಳ್ಳ್ಯಾಗ ರಾತ್ರಿ ಈಕಿ ಒಬ್ಬಾಕಿನ ಮಲಗಬೇಕೇನ್ರಿ?"

ನಾನು ಮಳೆ ಬೆಳೆಯ ಮಾತು ತೆಗೆದೆ.

ಬಾದಾಮಿ ಮುಟ್ಟುವಾಗ ಗುಡ್ಡಗಳು ಕಾದ ಹಂಚಿನಂತಿದ್ದವು. ದೊಡ್ಡ ದವಾಖಾನೆಯನ್ನು ಹೆಮ್ಮೆಯಿಂದ ತೋರಿಸಿದೆ. ಅಲ್ಲಿಂದ ಎರಡು ಹರದಾರಿ ದೂರದ ಒಂದು ಹಳ್ಳಿಗೆ ಇನ್ನೊಂದು ಬಸ್ಸು. ಅಲ್ಲಿಯ ನರ್ಸ್ ಸುಶೀಲಾ, ಮಹಾದೇವಿಗಿಂತ ಮೂರ್ನಾಲ್ಕು ವರ್ಷ ದೊಡ್ಡವಳು, ಒಂದು ಕೋಣೆಯ ಮನೆಯಲ್ಲಿದ್ದಳು. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು ಬಡಿಸಿದಳು. ಶಿವಪ್ಪನ ಕಣ್ಣು ಮೂಲೆಯಲ್ಲಿ ಸುತ್ತಿಟ್ಟ ಎರಡು ಹಾಸಿಗೆಗಳ ಮೇಲಿತ್ತು.

"ಇನ್ನೊಂದ ಹಾಸಿಗಿ ಯಾರ್ದವಾ?"

"ನಂದ್ರಿ" ಎನ್ನುತ್ತ ಪಕ್ಕದ ಮನೆಯ ಮುದುಕಿ ನೀಲವ್ವ ಒಳಗೆ ಬಂದಳು. "ದಿನಾ ನಾ ಈಕಿ ಜೋಡಿ ಮಲಗ್ತೇನಿ. ನಾ ಊರಿಗೆ ಹೋದ್ರ ನಮ್ಮ ಸೊಸಿ ಬರ್ತಾಳ. ಸೊಸಿ ಹಡಿಯೂ ಮುಂದ ಈ ಹುಡುಗಿ ರಾತ್ರಿಯೆಲ್ಲಾ ಕಣ್ಣ ಮುಚ್ಚಿಲ್ಲ. ಇಂಥಾಕಿನ್ನ ಒಬ್ಬಾಕಿನ್ನ ಬಿಡ್ತೇವೇನ್ರಿ?"

ಶಿವಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ನಮ್ಮ ಹುಡುಗಿ ಹೋದ ಊರಾಗ ನಿಮ್ಮಂಥವರು ಇರದಿದ್ರ?"

"ಹೇಳಿ ಕಳಸ್ರಿ. ನಾನ ಹಾಸಿಗಿ ಕಟಗೊಂಡು ಬರ್ತೇನಿ."

ನಾವೆಲ್ಲ ನಕ್ಕೆವು. ಶಿವಪ್ಪ ನಗಲಿಲ್ಲ. ನೀಲವ್ವನಿಗೆ ಕೈಮುಗಿದು ಎದ್ದ.

ಸಂಜೆಯ ಬಸ್ಸಿನಲ್ಲಿ ಇಳಕಲ್ಲಿಗೆ ಹೊರಟೆವು. ಶಿವಪ್ಪ ಒಪ್ಪಿದನೇ ಎಂದು ಕೇಳಲು ನನಗೆ ನಾಲಿಗೆ ತುರಿಸುತ್ತಿತ್ತು, ಆದರೂ ತಡೆದುಕೊಂಡೆ. ಎಲ್ಲಿ ಇಲ್ಲವೆಂದಾನೋ ಎಂದು ಭಯವೇ ಆಗಿತ್ತು. ಹುನಗುಂದದಲ್ಲಿ ಚಹಾ ಕುಡಿಯಲು ಇಳಿದವನು ಮರಳಿ ಬಂದು, ಮಗಳ ಪಕ್ಕದ ಸೀಟು ಬಿಟ್ಟು, ಕೊನೆಯ ಸಾಲಿಗೆ ಹೋಗಿ ಕುಳಿತ.

"ಅಪ್ಪಾ, ಇಲ್ಲಿ ಜಾಗಾ ಐತಿ" ಎಂದು ಮಹಾದೇವಿ ಕರೆದಳು.

"ಇರ್ಲಿ ಯವ್ವಾ. ಒಬ್ಬಾಕಿನ ಕೂಡೂದು ರೂಢಿ ಆಗ್ಲಿ."

ಇಳಕಲ್ ಬರುವವರೆಗೂ ಆಕೆ ತಿರುತಿರುಗಿ ಹಿಂದೆ ನೋಡುತ್ತಲೇ ಇದ್ದಳು.